ಬರೀ ಬಲಗೈಗಳು

ಹೊಸೂರಿಗೆ ಕಾರ್ಖಾನೆಗಳು ಒಂದೊಂದಾಗಿ ಬರುತ್ತಿದ್ದ ಕಾಲ ಅದು. ಅಲ್ಲಿನ ಆಲಸನತ್ತಂನಲ್ಲಿದ್ದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ನಿಮ್ಮ ತಾತ ಒಂದು ಸಣ್ಣ ಕೆಲಸ ಶುರು ಮಾಡಿದ್ದರು. ಕಾರ್ಖಾನೆಯ ಕೆಲಸಗಾರರು ಹಾಕಿಕೊಳ್ಳುವ ಬಟ್ಟೆಯ ಕೈಗವಸು ಹೊಲಿದುಕೊಡುವುದು. ಅವರು ಬಟ್ಟೆ ಕತ್ತರಿಸುತ್ತಿದ್ದರು, ನಾನು ಹೊಲಿಯುತ್ತಿದ್ದೆ. ಹೊಸಬರು ಯಾರಾದರೂ ಬಂದರೆ ನಾನು ಮಿಷನ್ ಬಿಟ್ಟು ಅಡುಗೆಮನೆ ಸೇರುತ್ತಿದ್ದೆ. ಅಷ್ಟು ಸಂಕೋಚ ನನಗೆ.

ಕೆಲಸ ಹೆಚ್ಚಾಗಿ ಇನ್ನೊಬ್ಬರು ಬೇಕಾದರು. ಪಕ್ಕದ ಮನೆಯ ತಮಿಳು ಹೆಂಗಸು ನಾಳೆಯೇ ಬರುತ್ತೇನೆ ಎಂದಳು. ನನ್ನ ಮನಸ್ಸಿನಲ್ಲಿದ್ದವಳು ಊರಿನಲ್ಲಿದ್ದ ನನ್ನ ಅತ್ತಿಗೆ, ಅಣ್ಣನ ಹೆಂಡತಿ. ನನ್ನ ಅವ್ವ ಲಕ್ವ ಹೊಡೆದು ಮಲಗಿದ್ದಳು. ಅವಳನ್ನು ಬಿಟ್ಟು ಅತ್ತಿಗೆ ಎಲ್ಲಿಗೂ ಹೋಗುವಂತಿರಲಿಲ್ಲ. ತವರಿನವರು ಕೊಟ್ಟ ಹೊಲಿಗೆ ಮಿಷನ್ ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ಹಿಂದಿನ ಸಲ ಊರಿಗೆ ಹೋದಾಗ ಅವಳು ನನ್ನ ಕೈ ಹಿಡಿದು ಹೇಳಿದ್ದಳು, "ದಿನಾ ಈ ಗೋಡೆ ನೋಡ್ಕೊಂಡೇ ಇರೋದಾಗೈತೆ ಅಮ್ಮಣ್ಣಿ. ನಂದು ಅಂತ ಒಂದು ಕೆಲ್ಸ ಇರ್ಲಿ, ನಿಮ್ಮ ಯಜಮಾನ್ರನ್ನ ಕೇಳು."

ಕೇಳಿದೆ. ನಿಮ್ಮ ತಾತನಿಗೆ ಇಷ್ಟವಾಗಲಿಲ್ಲ. "ಎದುರಿಗೆ ಕೂತು ಹೊಲುದ್ರೆ ತಪ್ಪಾದಾಗ ಅಲ್ಲೇ ಹೇಳ್ಬೋದು. ಊರಿಗೆ ಕಳ್ಸಿ ಇಲ್ಲಿಂದ ಕೂಗೋಕಾಯ್ತದಾ?" ಕೊನೆಗೆ ಕತ್ತರಿಸಿದ ಬಟ್ಟೆ ಒಂದು ಗಂಟು ಮಾತ್ರ ಕಳಿಸಿ ನೋಡೋಣ ಎಂದು ಒಪ್ಪಿದರು. ಸರಿಹೋಗದಿದ್ದರೆ ಪಕ್ಕದ ಮನೆಯವಳೇ.

ಅಂಗೈ ಕಡೆಗೆ ಎರಡು ಪದರ ಬಟ್ಟೆ ಇರುವುದರಿಂದ ಕೈಗವಸಿಗೆ ಎಡ ಬಲ ಬೇರೆ ಬೇರೆ. ಎರಡನ್ನೂ ಬೇರೆ ಬೇರೆ ಕಟ್ಟಿ ಬಸ್ಸಿನಲ್ಲಿ ಕಳಿಸಿದೆವು. ಕಾರ್ಖಾನೆಗೆ ಕೊಡಬೇಕಾದ ಹಿಂದಿನ ದಿನ ಬೆಳಿಗ್ಗೆ ಅದೇ ಬಸ್ಸಿನಲ್ಲಿ ಚೀಲ ಬಂತು. ನಿಮ್ಮ ತಾತ ಒಂದು ತೆಗೆದರು, ಬಲಗೈ. ಇನ್ನೊಂದು ತೆಗೆದರು, ಬಲಗೈ. ಚೀಲವನ್ನೇ ನೆಲಕ್ಕೆ ಸುರಿದರು.

"ಏನೇ ಇದು? ನಿಮ್ಮೂರಲ್ಲಿ ಎಲ್ಲಾರ್ಗೂ ಎರಡೂ ಬಲಗೈನೇನೆ?"

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಎಡಗೈ ಮುಂದಿನ ಬಸ್ಸಲ್ಲಿ ವರುಂ ಅಣ್ಣಾ!"

ನನಗೆ ಅಳು ಬಂತು. ಉಳಿದ ಬಟ್ಟೆಯನ್ನಾದರೂ ತರೋಣವೆಂದು ಅವರು ಊರಿಗೆ ಹೊರಟರು. ನಾನೂ ಜೊತೆಗೆ ಹೋದೆ.

ಅತ್ತಿಗೆ ನಗುನಗುತ್ತಾ ಎದುರು ಬಂದಳು. "ಹೆಂಗಿತ್ತು ಅಣ್ಣಾ?"

"ಎಡಗೈ ಎಲ್ಲಿ ತಂಗ್ಯಮ್ಮ?"

"ಹೊಸಾ ಕೆಲ್ಸ ಅಲ್ವಾ, ಎಡದಿಂದ ಶುರು ಮಾಡಾಕಾಯ್ತದಾ? ಬಲಗೈವು ಎಲ್ಲಾ ಮುಗಿಸ್ಬುಟ್ಟೆ. ಇವತ್ತಿಂದ ಎಡಗೈವು."

ನಿಮ್ಮ ತಾತ ಬೈಯುವುದಾದರೂ ಹೇಗೆ? ನಮ್ಮ ಮಿಷನ್ ಮನೆಗೆ ಬಂದ ದಿನ ಅರಿಶಿನ ಕುಂಕುಮ ಹಚ್ಚಿ, ಬಲಗೈಯಿಂದಲೇ ಚಕ್ರ ತಿರುಗಿಸು ಎಂದು ನನಗೆ ಹೇಳಿದವರು ಅವರೇ. ನಾಳೆಯೇ ಕೊಡಬೇಕು ಎಂದಷ್ಟೇ ಹೇಳಿದರು. ಅತ್ತಿಗೆಯ ಮುಖ ಇಳಿದುಹೋಯಿತು.

"ಅಂಗಾರೆ ಇನ್ಮ್ಯಾಕೆ ನಂಗೆ ಕಳ್ಸಲ್ವಾ ಅಣ್ಣಾ?"

ಉತ್ತರಕ್ಕೂ ಕಾಯದೆ ಅವಳು ಹೊಲಿಯಲು ಕುಳಿತಳು. ಮಿಷನ್ನನ್ನು ಅವ್ವನ ಮಂಚಕ್ಕೆ ಒತ್ತಿ ಇಟ್ಟುಕೊಂಡಿದ್ದಳು. ಅವ್ವನ ಸ್ವಾಧೀನವಿದ್ದ ಕೈ ಅದರ ಹಲಗೆಯ ಮೇಲಿತ್ತು. ಮಿಷನ್ ಓಡುತ್ತಿದ್ದರೆ ಅವ್ವ ಕಣ್ಣು ಮುಚ್ಚಿರುತ್ತಿದ್ದಳು. ದಾರ ಕಡಿದು ನಿಂತರೆ ಕಣ್ಣು ಬಿಟ್ಟು ಅತ್ತಿಗೆಯ ಕಡೆ ನೋಡುತ್ತಿದ್ದಳು. "ಇಲ್ಲೇ ಇವ್ನಿ ಅತ್ತೆ" ಎಂದು ಅತ್ತಿಗೆ ದಾರ ಪೋಣಿಸಿ ಮತ್ತೆ ತುಳಿಯುತ್ತಿದ್ದಳು.

ಆಗ ನನ್ನ ಬಾಯಿಂದ ಮಾತು ಬಂತು. ಎಲ್ಲರ ಎದುರಿಗೆ ನಿಮ್ಮ ತಾತನಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. "ಅತ್ತಿಗೇಗೇ ಕೊಡ್ರೀ. ಹೊಲಿಗೆ ನೋಡಿ ಮಾತಾಡ್ರಿ. ಯಾವ್ದು ಮೊದ್ಲು ಅಂತ ನಾವೇ ಹೇಳಿರ್ಲಿಲ್ಲ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಒಂದು ಕೈಗವಸನ್ನು ತೆಗೆದುಕೊಂಡು ಹೆಬ್ಬೆರಳಿನ ಸಂದಿಯಲ್ಲಿ ಜೋರಾಗಿ ಎಳೆದರು. ಹೊಲಿಗೆ ಬಿಡಲಿಲ್ಲ. ಆಮೇಲೆ ಅಂಗಿಯ ತೋಳು ಮಡಚಿಕೊಂಡು ನೆಲದ ಮೇಲೆ ಕುಳಿತರು. ಅತ್ತಿಗೆ ಹೊಲಿದಳು, ನಾನು ಒಳಗಿನದು ಹೊರಗೆ ಬರುವಂತೆ ಮಗುಚಿದೆ, ಅವರು ದಾರ ಕತ್ತರಿಸಿ ಒಟ್ಟಿದರು. ಮಧ್ಯೆ ನಾನು ಮಿಷನ್ನಿಗೆ ಕುಳಿತು, ಅತ್ತಿಗೆ ಅವ್ವನಿಗೆ ಗಂಜಿ ಕುಡಿಸಿದಳು. ಸಂಜೆ ಬಸ್ಸಿನ ಹೊತ್ತಿಗೆ ಎಡಗೈಗಳೆಲ್ಲ ಮುಗಿದವು.

ಚೀಲ ಹೆಗಲಿಗೇರಿಸಿಕೊಂಡು ನಿಮ್ಮ ತಾತ ಹೇಳಿದರು, "ಇನ್ಮೇಲೆ ಒಂದು ಬಲ ಒಂದು ಎಡ ಜೊತೆ ಮಾಡಿ ಕಟ್ಟಿ ಕಳಿಸ್ತೀನಿ ತಂಗ್ಯಮ್ಮ. ಅಲ್ಲಿ ಮಗುಚಿ ನೋಡೋಕೆ ಪಕ್ಕದ ಮನೆಯಮ್ಮ ಬತ್ತಾರೆ. ಹೊಲಿಯೋದು ನೀನು."

ಅತ್ತಿಗೆ ಮಂಚದ ಕಡೆ ಬಗ್ಗಿ, ಅವ್ವನ ಕಿವಿಯ ಹತ್ತಿರ ಗಟ್ಟಿಯಾಗಿ ಹೇಳಿದಳು, "ಅತ್ತೇ, ಕೇಳಿಸ್ತಾ? ಕೆಲ್ಸ ನಂದೇ ಆಯ್ತು!"