ಬೆಳಕಿಂಡಿಯ ಮುಚ್ಚಳ

ಶಲವಡಿಯ ನಮ್ಮ ಮನೆಯ ಮಣ್ಣಿನ ಮಾಳಿಗೆಯಲ್ಲಿ ರೊಟ್ಟಿಯಗಲದ ಬೆಳಕಿಂಡಿಯೊಂದಿದೆ. ಬೆಳಗಾದೊಡನೆ ಅದರಿಂದಿಳಿಯುವ ಬೆಳಕು ಮೊದಲು ನನ್ನ ಮೂಗಿನ ಮೇಲೆ ವಿರಾಜಮಾನವಾಗುತ್ತದೆ. ಮೂಗು ಮನೆತನದ ಆಸ್ತಿಯಾದ್ದರಿಂದ ಅದಕ್ಕೆ ಸ್ಥಳದ ಅಭಾವವಿಲ್ಲ. ಇದನ್ನು ಆಕಸ್ಮಿಕವೆಂದು ತಿಳಿಯಬೇಡಿ. ಹಾಸಿಗೆಯನ್ನು ಅಲ್ಲೇ ಹಾಸಿ, ಸಂಜೆ ಮಾಳಿಗೆ ಹತ್ತಿ ಕಿಂಡಿಗೆ ತಗಡಿನ ಮುಚ್ಚಳ ಹಾಕಿ, ಮುಂಜಾನೆ ಮತ್ತೆ ಹತ್ತಿ ತೆಗೆಯುವವಳು ನನ್ನ ಹೆಂಡತಿ ಗಿರಿಜೆ. ಗಂಡನಿಗಾಗಿ ಪ್ರತ್ಯೇಕ ಸೂರ್ಯೋದಯ ಮಾಡಿಸುವ ಹೆಂಗಸು ಓಣಿಯಲ್ಲಿ ಅವಳೊಬ್ಬಳೇ.

ನನ್ನದು, ಮನಸ್ಸು ಒಮ್ಮೆ ಮಾಳಿಗೆ ಹತ್ತಿ ಕುಣಿದು ಇನ್ನೊಮ್ಮೆ ನೆಲದಡಿ ಕಾಳು ತುಂಬುವ ಹಗೇವಿನೊಳಗೆ ಬೀಳುವ ಬೇನೆ. ಧಾರವಾಡದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ: “ಗುಳಿಗಿನೂ ತಪ್ಪಸಬ್ಯಾಡ್ರಿ, ನಿದ್ದಿನೂ ತಪ್ಪಸಬ್ಯಾಡ್ರಿ. ರಾತ್ರಿ ಕತ್ತಲಿ, ಮುಂಜಾನಿ ಬೆಳಕು, ಇಷ್ಟ ನಿಮ್ಮ ಮೈಗೆ ರೂಢಿ ಆಗ್ಬೇಕ್ರಿ.” ಗಣಿತದ ಮಾಸ್ತರನಾಗಿ ತರಗತಿಯಲ್ಲಿ ಧಾರಾಳವಾಗಿ ಹಂಚಿದ ನಿದ್ರೆಯನ್ನು ನಾನೀಗ ಶಿಸ್ತಿನಿಂದ ಸಂಪಾದಿಸಬೇಕಾಗಿದೆ! ಓಣಿಗೊಂದೇ ಆದ ಹೊಸ ಟೀವಿಯ ಮುಂದೆ ಜನ ಕುಳಿತಿರುವಾಗಲೇ ನಾನು ಕೋಳಿಯಂತೆ ಗೂಡು ಸೇರುತ್ತೇನೆ.

ಹಿಂದಿನ ವರ್ಷ ಶಿವರಾತ್ರಿಯ ಜಾಗರಣೆಗೆ ಕುಳಿತವನು ಹಬ್ಬ ಮುಗಿದ ಮೇಲೂ ಮಲಗಲೇ ಇಲ್ಲ. ದಮ್ಮಡಿ ಬಾರಿಸುತ್ತ, ನಮ್ಮ ಮನೆಯ ಗೋಡೆಗಳಿಗೂ ಕಂಡವರ ಗೋಡೆಗಳಿಗೂ ಸುಣ್ಣ ಬಳಿಯುತ್ತ ತಿರುಗಿದೆ. ನಮ್ಮ ಜನ ಅದನ್ನು ಬೇನೆಯೆಂದು ತಿಳಿಯಲಿಲ್ಲ. ನಿದ್ದೆ ಬಿಟ್ಟವನಿಗೆ ಶಿವ ಒಲಿದಿದ್ದಾನೆಂದು ಕಾಯಿ ತಂದು ಕಾಲಿಗೆ ಬಿದ್ದರು; ನಾನೂ ಗಂಭೀರವಾಗಿ ಆಶೀರ್ವದಿಸಿದೆ. ಆಮೇಲೆ ಹುರುಪೆಲ್ಲ ಇಳಿದು, ಮಳೆಗಾಲವಿಡೀ ಅದೇ ಸುಣ್ಣದ ಗೋಡೆಗೆ ಮುಖ ಮಾಡಿ ಬಿದ್ದುಕೊಂಡಿದ್ದೆ. ಆ ದಿನಗಳ ಬಗ್ಗೆ ತಮಾಷೆ ಮಾಡಲು ನನಗಿನ್ನೂ ಬಂದಿಲ್ಲ.

ಈ ಸಲ ಶಿವರಾತ್ರಿಯ ದಿನ ಭಜನಾ ಮೇಳದ ಹಿರಿಯ ಬಸಪ್ಪ ಕಾಕಾ ಮನೆಗೇ ಬಂದ. “ಮಾಸ್ತರ, ನೀವಿಲ್ದ ಜಾಗರಣಿ ಅಗದಿ ಸಪ್ಪಗಾಗ್ತದ್ರಿ. ವರ್ಷಕ್ಕೊಂದ ರಾತ್ರಿ, ಏನಾಗ್ತದ?” ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು, ಆದರೂ ನನ್ನ ಬಲಗಾಲು ಆಗಲೇ ತಾಳ ಹಾಕುತ್ತಿತ್ತು. ಗಿರಿಜೆಯ ಮುಖ ಬಿಳಿಚಿತು. ನನಗಿದ್ದ ಅಂಜಿಕೆ ಅಲ್ಲೇ ಕುಳಿತಿದ್ದ ಅವ್ವನದು. ಹುಟ್ಟಿದಾಗಿನಿಂದ ಒಂದು ಶಿವರಾತ್ರಿಯೂ ಕಣ್ಣು ಮುಚ್ಚದವಳು, ಆಕಳಿಸಿದವರನ್ನೂ ಬಿಡದೆ ಬೈಯುವವಳು. ಅವಳು ‘ಹೋಗು’ ಎಂದರೆ ಮುಗಿಯಿತು, ಹೊರಟೇಬಿಡುತ್ತಿದ್ದೆ.

ಅವ್ವ ಹೂಬತ್ತಿ ಹೊಸೆಯುತ್ತಲೇ ಹೇಳಿದಳು: “ಬಸಪ್ಪಾ, ಅವನ ಪಾಲಿಂದೂ ನಾನ ಎಚ್ಚರಿರ್ತೀನಿ. ಶಿವಾ ಕೇಳಿದ್ರ ನನ್ನ ಹೆಸರ ಹೇಳು.” ಆಮೇಲೆ ನನ್ನತ್ತ ತಿರುಗಿ, “ನೀ ಗುಳಿಗಿ ನುಂಗಿ ಬಿದ್ಕೋಲೇ!” ಎಂದಳು.

ಕಾಕಾ ಎದ್ದುಹೋದ. ಗಿರಿಜೆ ಮುಚ್ಚಳ ಹಾಕಿದಳು. ಇಡೀ ಊರು ಎಚ್ಚರಿರುವಾಗ ನಾನೊಬ್ಬನೇ ಕುಂಭಕರ್ಣನಾಗುವುದಕ್ಕೆ ನಾಚಿಕೆಯಾಯಿತು, ಅಷ್ಟೇ ಸಂತೋಷವೂ ಆಯಿತು. ಎರಡರ ನಡುವೆ ಯಾವಾಗಲೋ ನಿದ್ದೆ ಹತ್ತಿತು.

ಮುಂಜಾನೆ ಎಂದಿನಂತೆ ಬೆಳಕು ಮೂಗಿನ ಮೇಲಿಳಿಯಿತು. ಕಣ್ಣು ತೆರೆದರೆ, ಹಣೆತುಂಬ ವಿಭೂತಿ, ಕೆಂಡದಂಥ ಕಣ್ಣುಗಳ ಅವ್ವ ಹಾಸಿಗೆಯ ಬದಿಗೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಕಳೆದ ವರ್ಷದ ಆ ಹೊಳಪು ನನ್ನ ಕಣ್ಣಲ್ಲಿಲ್ಲವೆಂದು ಖಾತ್ರಿಯಾದ ಮೇಲೆ ನನ್ನನ್ನು ಎಬ್ಬಿಸಿ, ನನ್ನ ಹಾಸಿಗೆಯಲ್ಲಿ ತಾನೇ ಉರುಳಿ, ಕಿಂಡಿಯತ್ತ ಕೂಗಿದಳು:

“ಗಿರಿಜಾ, ಮುಚ್ಚಳಾ ಮತ್ತ ಹಾಕವಾ. ಇಬ್ಬರ ಜಾಗರಣಿ ಮಾಡೀನಿ, ಇನ್ನ ಇಬ್ಬರ ನಿದ್ದಿ ಮಾಡ್ತೀನಿ.”

ಮುಚ್ಚಳ ಬಿತ್ತು. ನಾನು ನನ್ನ ಪಾಲಿನ ಬೆಳಕು ಹುಡುಕಿಕೊಂಡು ಅಂಗಳಕ್ಕೆ ಹೋದೆ.