ಹೊಗೆಯಿಲ್ಲದ ಕೆಂಡ

ಬಾಣಂತಿ ಕೋಣೆಯ ವಾಸನೆ ನೆನೆದರೆ ನಾನು ಈಗಲೂ ಮೂಗಿಗೆ ಸೆರಗು ಹಿಡಿಯುತ್ತೇನೆ. ಹಳಸಿದ ಹಾಲು, ಬೆಳ್ಳುಳ್ಳಿ, ಓಮ, ಎಣ್ಣೆ ಕುಡಿದ ದಿಂಬು, ಅರೆಬರೆ ಒಣಗಿದ ಕೂಸಿನ ಬಟ್ಟೆ, ಎಲ್ಲವೂ ಒಂದೇ ಮುಚ್ಚಿದ ಕೋಣೆಯಲ್ಲಿ ಬೆವೆತುಕೊಂಡು ಬಿದ್ದಿರುತ್ತವೆ. ನೋಡಲು ಬಂದ ಹೆಂಗಸರು ಮೂಗು ಅರಳಿಸಿ, ಬಾಣಂತನ ಅಂದರೆ ಹೀಗಿರಬೇಕು ಎಂದು ಹೊಗಳುತ್ತಾರೆ. ಛೀ, ಹೊಗಳಿಕೆಗೂ ಒಂದು ಮಾನ ಬೇಡವೇ? ಆ ಹೊಗಳಿಕೆಯನ್ನು ನಾನೂ ಹಲ್ಲು ಕಿಸಿದುಕೊಂಡು ಇಸಿದುಕೊಂಡವಳೇ.

ಚನ್ನಗಿರಿಯ ನಮ್ಮ ಮನೆಗೆ ಮಗಳು ಚೊಚ್ಚಲ ಹೆರಿಗೆಗೆ ಬಂದಾಗ ಮಾಗಿಯ ಚಳಿ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮಗಳು ಕೂಸಿನೊಂದಿಗೆ ಮನೆಗೆ ಬರುತ್ತಲೇ ಸಾಸ್ವೆಹಳ್ಳಿಯಿಂದ ನನ್ನ ಅಕ್ಕ ಬಾಣಂತನ ಮಾಡಲು ಬಂದಳು. ಹತ್ತಾರು ಬಾಣಂತನ ಮಾಡಿದ ಕೈ ಅವಳದು. ಬಂದ ದಿನವೇ ಬೀದಿ ಕಡೆಯ ಕಿಟಕಿ ಮುಚ್ಚಿ, ಸಂದಿಗಳಿಗೆ ಹಳೇ ಸೀರೆ ತುರುಕಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟಳು. ಮಂಚದ ಕೆಳಗೆ ತನ್ನ ಎಲೆಅಡಿಕೆ ಉಗಿಯಲು ಒಂದು ಡಬ್ಬಿಯನ್ನೂ ಇಟ್ಟಳು. ಆ ಡಬ್ಬಿಯನ್ನು ದಿನಾ ಬಚ್ಚಲಿಗೆ ಚೆಲ್ಲುವ ಕೆಲಸ ನನ್ನ ಪಾಲಿಗೆ ಬಂತು. ಆ ಕೆಂಪು ನೀರು ನೋಡಿದ ಮೇಲೆ ನನಗೆ ಸಾರು ಸೇರುತ್ತಿರಲಿಲ್ಲ.

ನಾನು ಮೂವತ್ತು ವರ್ಷ ಮೇಷ್ಟ್ರಮ್ಮನಾಗಿದ್ದವಳು. ಹಿಂದೆ ಹಳ್ಳಿಹಳ್ಳಿಗೆ ಹೋಗಿ ಹೆಂಗಸರನ್ನು ಕೂರಿಸಿಕೊಂಡು ಹೊಗೆ ಬಾರದ ಒಲೆಯ ಬಗ್ಗೆ ಪಾಠ ಹೇಳಿದ್ದೇನೆ. ಹೊಗೆಯೆಂದರೆ ಕಣ್ಣಿಗೆ ಕೇಡು, ಎದೆಗೆ ಕೇಡು ಎಂದು ಬೋರ್ಡಿನ ಮೇಲೆ ಬರೆದಿದ್ದೇನೆ. ಹಾಗಾಗಿ, ಹೆರಿಗೆಯಾಗಿ ಮೂರು ವಾರ ತುಂಬುವ ಹೊತ್ತಿಗೆ ಚಳಿ ಏರಿ, ಅಕ್ಕ ಕೋಣೆಗೆ ಬೆಂಕಿ ತರುತ್ತೇನೆ ಅಂದಾಗ ನಾನು ಒಂದೇ ಷರತ್ತು ಹಾಕಿದೆ. ಒಂದೆಳೆ ಹೊಗೆಯೂ ಒಳಗೆ ಬರಕೂಡದು.

ಅಕ್ಕ ಒಪ್ಪಿದಳು. ಬಚ್ಚಲ ಒಲೆಯಲ್ಲಿ ಹುಣಸೆ ಸೌದೆ ಉರಿಸಿ, ಕೆಂಡವನ್ನು ಕಬ್ಬಿಣದ ಬಾಂಡ್ಲಿಗೆ ತುಂಬಿ, ಹಿತ್ತಲಲ್ಲಿ ಇಟ್ಟು ಕಾಯುತ್ತಿದ್ದಳು. ಹೊಗೆ ಪೂರಾ ನಿಂತು, ಕೆಂಡ ನಿಗಿನಿಗಿ ಅಂದ ಮೇಲೆ ನಾನೇ ಬಗ್ಗಿ ನೋಡಿ ಹೂಂ ಅನ್ನಬೇಕು, ಆಗ ಅದು ಮಂಚದ ಕೆಳಗೆ ಹೋಗಬೇಕು. ಬಾಂಡ್ಲಿಯ ಕೆಳಗೆ ಇಟ್ಟಿಗೆ, ಪಕ್ಕದಲ್ಲಿ ಒಂದು ಕೊಡ ನೀರು, ಸೆರಗು ತಾಗದಷ್ಟು ದೂರ. ಒಲೆಗೆ ಹಾಲಿನ ಪ್ಲಾಸ್ಟಿಕ್ ಕವರ್ ಎಸೆದಳೆಂದು ಅಕ್ಕನಿಗೆ ಬೈದೂ ಇದ್ದೆ. ಎಷ್ಟು ಹುಷಾರಿ ನಾನು! ಆಮೇಲೆ ಇಬ್ಬರೂ ಸೇರಿ ಬಾಗಿಲು ಎಳೆದುಕೊಳ್ಳುತ್ತಿದ್ದೆವು.

ಕೆಂಡ ಇಡಲು ತೊಡಗಿದ ಮೂರನೇ ದಿನ ಮಗಳು ತಲೆ ಸಿಡಿಯುತ್ತದೆ ಎಂದಳು. ಅಕ್ಕ ತಲೆಗೆ ಕಟ್ಟಿದ ಬಟ್ಟೆಯನ್ನು ಇನ್ನೂ ಬಿಗಿದಳು. ಸಂಜೆ ವಾಂತಿಯಾಯಿತು. ಆಸ್ಪತ್ರೆಯಲ್ಲಿ ತಿಂದ ಬಾಳೆಹಣ್ಣಿನ ನಂಜು ಅಂದಳು ಅಕ್ಕ. ತಿಂದು ಮೂರು ವಾರವಾದ ಬಾಳೆಹಣ್ಣು! ಆಮೇಲೆ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಬಚ್ಚಲ ಒಲೆಗೆ ಹಾಕಿದಳು, ಕೋಣೆಗೆ ಕೆಂಡ ಸಾಲದೆಂದು ಇನ್ನೊಂದಿಷ್ಟು ತಂದಳು. ನಾನು ಅವಳ ಮೂಢನಂಬಿಕೆಗೆ ಒಳಗೊಳಗೇ ನಕ್ಕೆ. ನಕ್ಕೆ ಅಷ್ಟೇ, ಕಿಟಕಿ ತೆಗೆಯಲಿಲ್ಲ.

ಮಗಳು ನನ್ನ ಕೈ ಹಿಡಿದುಕೊಂಡು ಕೇಳಿದಳು.

"ಅಮ್ಮ, ಉಸಿರು ಕಟ್ಟಿದಂಗೆ ಆಕೈತೆ. ಒಂಚೂರು ಕಿಟಕಿ ತೆಗಿ."

"ಹೊಗೆನೇ ಇಲ್ಲವಲ್ಲೇ," ಎಂದೆ ನಾನು. "ಕೂಸಿಗೆ ಥಂಡಿ ಆದ್ರೆ ಯಾರು ನೋಡಾಕೆ ಬರ್ತಾರೆ? ಸುಮ್ನೆ ಮಲಕ್ಕೊ."

ಅವಳು ಕೈ ಬಿಟ್ಟು ಗೋಡೆ ಕಡೆ ಹೊರಳಿದಳು.

ಮಾರನೆಯ ದಿನ ತಾಯಿ ಮಗುವಿಗೆ ಎಣ್ಣೆ ನೀರು. ಎರೆದ ಮೇಲೆ ಹೊದ್ದು ಮಲಗಿ ಚೆನ್ನಾಗಿ ಬೆವರಬೇಕೆಂಬುದು ನಮ್ಮ ಕಡೆಯ ಪದ್ಧತಿ. ಅದಕ್ಕೆ ಅಂದು ಬಾಂಡ್ಲಿ ತುಂಬ ಕೆಂಡ. ಬಾಗಿಲು ಹಾಕಿ, ಅಕ್ಕ ನಾನು ಅಡುಗೆಮನೆಯಲ್ಲಿ ಊಟಕ್ಕೆ ಕೂತೆವು. ಅಕ್ಕ ಊರಿನ ಯಾರದೋ ಸೊಸೆಯ ಬಾಣಂತನ ಕೆಟ್ಟ ಕಥೆಯನ್ನು ಬಾಯಿ ಚಪ್ಪರಿಸಿಕೊಂಡು ಹೇಳುತ್ತಿದ್ದಳು. ನಾನೂ ಕೇಳುತ್ತಿದ್ದೆ.

ಊಟ ಮುಗಿಸಿ, ಮಗಳಿಗೆಂದು ಮೆಣಸಿನ ಸಾರು ಕಲಸಿದ ಅನ್ನದ ತಟ್ಟೆ ಹಿಡಿದು ಕಂಬಳಿ ಸರಿಸಿ ಒಳಗೆ ಹೋದೆ. ಬಿಸಿ ಮುಖಕ್ಕೆ ಹೊಡೆಯಿತು. ಕರೆದೆ, ಮಗಳು ಓಗೊಡಲಿಲ್ಲ. ಕಣ್ಣು ಅರ್ಧ ತೆರೆದಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಕೂಸನ್ನು ಎತ್ತಿದರೆ ಕತ್ತು ಹಿಂದಕ್ಕೆ ಬಿತ್ತು, ಬಾಯಂಚಿನಿಂದ ಹಾಲು ಇಳಿಯಿತು. ತಟ್ಟೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಕೂಸನ್ನು ಜಗುಲಿಗೆ ತಂದು ಅಕ್ಕನ ಮಡಿಲಿಗೆ ಹಾಕಿ, ಮತ್ತೆ ಒಳಗೆ ಓಡಿ ಮಗಳ ಕಂಕುಳಿಗೆ ಕೈ ಕೊಟ್ಟು ದರದರ ಎಳೆದುಕೊಂಡು ಬಂದೆ. ಹಡೆದ ಮೈಯನ್ನು ಮೂಟೆಯಂತೆ ಎಳೆದೆ. ಅಕ್ಕ ಗಾಳಿ ಸೋಕಿದೆ, ಗಾಳಿ ಸೋಕಿದೆ ಎಂದು ಬಡಬಡಿಸುತ್ತಲೇ ಇದ್ದಳು. ಗಾಳಿಯೇ ಸೋಕದಂತೆ ಮಾಡಿದ್ದು ನಾವು.

ಆಟೋದಲ್ಲಿ, ಬಸ್ ಸ್ಟ್ಯಾಂಡ್ ದಾಟಿದ ಮೇಲೆ, ಕೂಸು ಒಂದು ಸಲ ಬಿಕ್ಕಿ ಅತ್ತಿತು. ನಾನು ಆ ಅಳುವನ್ನು ಕೇಳಿ ಡ್ರೈವರನ ಬೆನ್ನಿಗೆ ಹಣೆ ಕೊಟ್ಟು ಅತ್ತೆ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಹಚ್ಚಿದರು. ಡಾಕ್ಟರಮ್ಮ ಕೋಣೆಯಲ್ಲಿ ಬೆಂಕಿ ಇಟ್ಟಿದ್ದಿರಾ ಎಂದು ಕೇಳಿದಳು. ಅಕ್ಕ ಎದೆಯುಬ್ಬಿಸಿ, ಬರೀ ಕೆಂಡ, ಒಂದೆಳೆ ಹೊಗೆ ಇರಲಿಲ್ಲ, ನನ್ನ ತಂಗಿ ಮೇಷ್ಟ್ರಮ್ಮ, ಅವಳೇ ನೋಡಿ ಬಿಡ್ತಿದ್ಲು ಎಂದಳು.

ಡಾಕ್ಟರಮ್ಮ ನನ್ನ ಕಡೆ ತಿರುಗಿದಳು.

"ಹೊಗೆ ಇದ್ದಿದ್ರೆ ಕೂಸು ಕೆಮ್ಮಿ, ಅತ್ತು, ನಿಮ್ಮನ್ನ ಕರೀತಿತ್ತು ಕಣಮ್ಮ. ಕೆಂಡದ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ಹೋಗಾಕೆ ಒಂದು ಕಿಟಕಿನಾದ್ರೂ ಬ್ಯಾಡೇನ್ರಿ?"

ಎರಡು ಜೀವ ಉಳಿದವು. ಅಲ್ಲಿಗೆ ನಾನು ಕೈಮುಗಿದು ಸುಮ್ಮನಿದ್ದಿದ್ದರೆ ಸಾಕಿತ್ತು. ಮನೆಗೆ ಬಂದ ಮೇಲೆ ಅಕ್ಕಪಕ್ಕದವರು ಬಂದು ಏನಾಯಿತು ಎಂದು ಕೇಳಿದರು. ಮೇಷ್ಟ್ರಮ್ಮನ ಮನೆಯಲ್ಲಿ ಹೀಗಾಯಿತು ಎಂದು ನಾಲ್ಕು ಜನ ಆಡಿಕೊಂಡಾರು ಎಂಬ ಹೆದರಿಕೆ ನನಗೆ. ಮಗಳೇ ಪಥ್ಯ ಕೆಡಿಸಿಕೊಂಡಳು, ಹೇಳಿದ ಮಾತು ಕೇಳುವುದಿಲ್ಲ ಎಂದುಬಿಟ್ಟೆ. ತೆರೆದಿಟ್ಟ ಬಾಗಿಲಿನ ಆಚೆ ಮಗಳು ಎಚ್ಚರವಾಗಿದ್ದಳು. ಕೂಸನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ನಾನು ಯಾರ್ಯಾರಿಗೆ ಅಂದಿಲ್ಲ! ಆ ದಿನ ನನ್ನ ಬಾಯಿಯ ಮೇಲೆ ನನಗೆ ಬಂದ ಹೇಸಿಗೆ ಅಕ್ಕನ ಉಗುಳಿನ ಡಬ್ಬಿಯ ಮೇಲೂ ಬಂದಿರಲಿಲ್ಲ.

ಎರಡನೆಯ ಹೆರಿಗೆಗೆ ಮಗಳು ತವರಿಗೆ ಬರಲಿಲ್ಲ. ಜಗಳೂರಿನ ಗಂಡನ ಮನೆಯಲ್ಲೇ ಇರುತ್ತೇನೆ ಎಂದು ಫೋನಿನಲ್ಲಿ ಹೇಳಿದಳು. ತವರಿದ್ದೂ ಅತ್ತೆ ಮನೆಯಲ್ಲಿ ಬಾಣಂತನವೇ ಎಂದು ಅಕ್ಕ ರೇಗಿದಳು.

ಹದಿನೈದು ದಿನಕ್ಕೆ ನೋಡಲು ಹೋದೆ. ನನ್ನ ಬೀಗಿತ್ತಿ ಹೊಲಗೆಲಸದ ಹೆಂಗಸು, ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ. ಅವರ ಅಡುಗೆಮನೆಯಲ್ಲಿ ಸೌದೆ ಒಲೆ ಉರಿಯುತ್ತಿತ್ತು, ಅದರ ಕೊಳವೆ ಸೂರಿನಿಂದ ಹೊರಗೆ ಹೋಗಿತ್ತು. ಕೂಸಿನ ಬಟ್ಟೆಗಳನ್ನು ಒಲೆಗೆ ಒಂದು ಮಾರು ದೂರದಲ್ಲಿ ಬಿಸಿ ಮಾಡಿ, ಮಡಿಚಿ, ಬುಟ್ಟಿಯಲ್ಲಿಟ್ಟು ಕೋಣೆಗೆ ಒಯ್ಯುತ್ತಿದ್ದರು. ಮಲಗುವ ಕೋಣೆಯ ಹೊಸ್ತಿಲನ್ನು ಬೆಂಕಿ ದಾಟಬಾರದೆಂದು ಅವರತ್ತೆ ಹೇಳಿದ್ದರಂತೆ. ಅಷ್ಟೇ, ಭಾಷಣವಿಲ್ಲ. ಅದೂ ನನಗೆ ಮೊದಲು ಸಿಟ್ಟೇ ತರಿಸಿತು, ಓದದವಳಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲವಲ್ಲ ಎಂದು.

ಕೋಣೆಯಲ್ಲಿ ಮಗಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಹಸಿ ವಾಸನೆ ಇಲ್ಲ, ಹಳಸು ವಾಸನೆ ಇಲ್ಲ. ದೊಡ್ಡ ಮಗು ಮೂಲೆಯಲ್ಲಿ ಆಡುತ್ತಿತ್ತು. ನಾಲ್ಕು ಬೆರಳಷ್ಟು ತೆರೆದಿದ್ದ ಕಿಟಕಿಯಿಂದ ಜಗಳೂರಿನ ಒಣ ಚಳಿಗಾಳಿ ಬಂದು ನನ್ನ ಕಿವಿಗೆ ತಾಗಿತು. ಏನು ಹೇಳಲಿ, ನನ್ನ ಕೈ ತಾನಾಗಿಯೇ ಎದ್ದು ಚಿಲಕದ ಕಡೆಗೆ ಹೋಯಿತು.

ಮಗಳು ದನಿ ಎತ್ತಲಿಲ್ಲ, ಕೂಸಿನಿಂದ ಕಣ್ಣನ್ನೂ ಎತ್ತಲಿಲ್ಲ.

"ಅಮ್ಮ, ಅದನ್ನ ಮುಟ್ಟಬ್ಯಾಡ."

ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡೆ. ಕೂಸನ್ನು ಎತ್ತಿಕೊಳ್ಳಲೇ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ.