ಡ್ರಮ್ಮಿಗೆ ಬೆಚ್ಚದ ಗುಂಡಿ

ಬೆಳಗಿನ ಐದೂ ಮುಕ್ಕಾಲು. ಹಳೆಯ ಬಸ್ ಡಿಪೋದ ವರ್ಕ್‌ಶಾಪಿನೊಳಗೆ ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಇಪ್ಪತ್ತೆರಡು ಮರದ ಪೆಟ್ಟಿಗೆಗಳು ಸಾಲಾಗಿ ನಿಂತಿವೆ. ಒಂದೊಂದರಲ್ಲೂ ಒಂದು ಟಿ.ವಿ. ಪರದೆ, ಪರದೆಯ ಕೆಳಗೆ ಬಣ್ಣಬಣ್ಣದ ಗುಂಡಿಗಳು. ಹದಿನೇಳನೆಯ ಪೆಟ್ಟಿಗೆಯ ಅಡಿಯಿಂದ ಮಾತ್ರ ಎರಡು ಕಾಲುಗಳು ಹೊರಗೆ ಚಾಚಿಕೊಂಡಿವೆ. ಆ ಕಾಲುಗಳು ಸುಮ್ಮನಿರುವ ಜಾತಿಯವಲ್ಲ. ಒಂದು ನೆಲ ಕುಟ್ಟುತ್ತಿದ್ದರೆ, ಇನ್ನೊಂದು ದೂರ ಉರುಳಿದ ಸ್ಕ್ರೂಡ್ರೈವರನ್ನು ಹೆಬ್ಬೆರಳಿನಿಂದ ಹತ್ತಿರಕ್ಕೆ ಎಳೆದುಕೊಳ್ಳುತ್ತಿದೆ.

"ಬಾರಿಸಪ್ಪಾ!" ಎಂದು ಪೆಟ್ಟಿಗೆಯೊಳಗಿನಿಂದ ಕೂಗು ಬರುತ್ತದೆ.

ಆ ತುದಿಯ ವೇದಿಕೆಯ ಮೇಲೆ ಡ್ರಮ್ಮಿನ ಹಿಂದೆ ಒಬ್ಬ ದಢೂತಿ ಆಸಾಮಿ ಆಕಳಿಸುತ್ತ ಕೂತಿದ್ದಾನೆ. ವಾರಕ್ಕೆ ಆರು ದಿನ ಬೇಕರಿಯಲ್ಲಿ ಹಿಟ್ಟು ನಾದುವುದು, ಏಳನೆಯ ದಿನ ಡ್ರಮ್ಮು ಬಾರಿಸುವುದು ಅವನ ಕಸುಬು. ಕಾಲಿನಿಂದ ದೊಡ್ಡ ಡ್ರಮ್ಮಿಗೆ ಒಂದು ಒದೆ ಕೊಡುತ್ತಾನೆ. ಧಡ್! ಚಾವಣಿಯಲ್ಲಿದ್ದ ಪಾರಿವಾಳಗಳು ಎದ್ದ ರಭಸಕ್ಕೆ ಮೂರು ಬೀದಿಯ ಆಚೆ ಒಣಹಾಕಿದ್ದ ಬಟ್ಟೆಯೂ ಹಾರಿರಬೇಕು. ಹದಿನೇಳನೆಯ ಪರದೆಯ ಮೇಲೆ, ಯಾರೂ ಗುಂಡಿ ಮುಟ್ಟದಿದ್ದರೂ, ಒಬ್ಬ ಅಜ್ಜಿ ಧಪ್ಪೆಂದು ಒಂದು ಹೆಜ್ಜೆ ಇಡುತ್ತಾಳೆ. ಅದೇ ಪರದೆಯ ತೊಟ್ಟಿಲಿನಲ್ಲಿ ಮಲಗಿದ್ದ ಮಗು ಎಚ್ಚೆತ್ತು ಚೀರುತ್ತದೆ.

"ಎದ್ದುಬಿಡ್ತಾ?"

"ಎದ್ದುಬಿಡ್ತು ಅಕ್ಕಾ."

"ಹಾಳಾಗೋಗ್ಲಿ. ಇನ್ನೊಂದು ಸ್ಪ್ರಿಂಗು ಹಾಕ್ತೀನಿ. ನಿದ್ದೆ ಮಾಡ್ಬೇಡ ನೀನು, ಮಗು ಮಾಡ್ಲಿ."

ಇವರು ಸ್ಪ್ರಿಂಗಕ್ಕ. ವಯಸ್ಸು ಐವತ್ನಾಲ್ಕು. ಮನೆಯವರು ಇಟ್ಟ ಹೆಸರನ್ನು ಗ್ಯಾಸ್ ಸಿಲಿಂಡರ್ ತರುವವನೂ ಮರೆತು ವರ್ಷಗಳಾಗಿವೆ. ಹೆಗಲಿನ ಚೀಲದಲ್ಲಿ ಸ್ಪ್ರಿಂಗು, ಸೊಂಟದ ಡಬ್ಬಿಯಲ್ಲಿ ಸ್ಪ್ರಿಂಗು, ಅವಸರದಲ್ಲಿ ಕೂದಲಿಗೆ ಸಿಕ್ಕಿಸಿಕೊಳ್ಳುವುದೂ ಸ್ಪ್ರಿಂಗೇ. ಕೂತ ಕಡೆ ಎರಡು ನಿಮಿಷ ಕೂರದ ಕಾರಣಕ್ಕೂ ಆ ಹೆಸರು ಸರಿಯಾಗಿ ಅಂಟಿಕೊಂಡಿದೆ.

ಇವತ್ತು ಹತ್ತು ಗಂಟೆಗೆ ಈ ವರ್ಕ್‌ಶಾಪಿನಲ್ಲಿ ಪಾರ್ಟಿ. ವರ್ಷಕ್ಕೊಮ್ಮೆ ನಡೆಯುವ ಆಟ-ಹಾಡಿನ ಕೂಟ. ದೊಡ್ಡ ಕಂಪನಿಗಳ ವಿಡಿಯೊ ಗೇಮುಗಳಿಗೆ ಇಲ್ಲಿ ಜಾಗವಿಲ್ಲ. ಹಗಲು ಲಿಫ್ಟ್ ರಿಪೇರಿ ಮಾಡಿ ಸಂಜೆ ಅಡುಗೆಮನೆಯ ಮೂಲೆಯಲ್ಲಿ ಕೂತು ಆಟ ಕಟ್ಟುವವರು, ಹಲ್ಲಿನ ಡಾಕ್ಟರ ಕಾಂಪೌಂಡರು, ಜಗಳವಾಡುತ್ತಲೇ ಒಂದು ಆಟ ಮುಗಿಸಿದ ಅಕ್ಕತಂಗಿಯರು, ಇಂಥವರು ತಮ್ಮ ಕೈಯಾರೆ ಮಾಡಿದ ಆಟಗಳನ್ನು ತಂದಿಡುತ್ತಾರೆ. ಅದೇ ಸೂರಿನ ಕೆಳಗೆ ಒಂದರ ಹಿಂದೆ ಒಂದು ವಾದ್ಯತಂಡ ಸಂಜೆ ಆರರವರೆಗೆ ಹಾಡುತ್ತದೆ. ಹೋದ ವರ್ಷ ಸಾವಿರ ಜನ ಬಂದಿದ್ದರು. ಎಂದರೆ ಹತ್ತು ಸಾವಿರ ಬೆರಳು.

"ಜನ ಪರದೆ ನೋಡ್ತಾರೆ, ಹಾಡು ಕೇಳ್ತಾರೆ. ನನಗೆ ಕಾಣೋದು ಬೆರಳು ಮಾತ್ರ," ಎನ್ನುತ್ತಾರೆ ಸ್ಪ್ರಿಂಗಕ್ಕ ಪೆಟ್ಟಿಗೆಯಡಿಯಿಂದ ತೆವಳಿ ಬರುತ್ತ. "ಕೆಲವರು ಒತ್ತೋದಿಲ್ಲ ರೀ, ಗುದ್ತಾರೆ. ಹೆಂಡ್ತಿ ಮೇಲಿನ ಸಿಟ್ಟೆಲ್ಲ ನನ್ನ ಬಟನ್ ಮೇಲೆ."

ಒಟ್ಟು ನೂರ ನಲವತ್ತು ಗುಂಡಿಗಳು. ಈ ಒಂದೇ ದಿನದಲ್ಲಿ ಒಂದೊಂದು ಗುಂಡಿಗೆ ಮೂರು ನಾಲ್ಕು ಸಾವಿರ ಒತ್ತು. ಪಾರ್ಟಿ ಮುಗಿಯುವಷ್ಟರಲ್ಲಿ ಹತ್ತು ಹನ್ನೆರಡು ಗುಂಡಿಗಳು ಪ್ರಾಣ ಬಿಡುತ್ತವೆ. ಅವು ಸಾಯುವ ಮೊದಲೇ ಸ್ಪ್ರಿಂಗಕ್ಕನಿಗೆ ಗೊತ್ತಾಗುತ್ತದೆ. ಟಕ್ ಅನ್ನಬೇಕಾದ್ದು ಟಪ್ ಅಂದರೆ ಸಾಕು, ಹಾಡಿನ ಗದ್ದಲದ ನಡುವೆಯೂ ಹಾವು ತುಳಿದವರ ಹಾಗೆ ಎಗರಿ ಅಲ್ಲಿಗೆ ಓಡುತ್ತಾರೆ. ಆಟ ನಿಲ್ಲಿಸದೆ, ಆಡುವವರ ಕಂಕುಳಡಿಯಿಂದ ಕೈ ತೂರಿಸಿ ಸ್ಪ್ರಿಂಗು ಬದಲಿಸುತ್ತಾರೆ. ಆಡುತ್ತಿದ್ದವರಿಗೆ ಯಾರೋ ಕಚಗುಳಿ ಇಟ್ಟಂತಾಗಿರುತ್ತದೆ, ಅಷ್ಟೇ.

ಈ ಕಿವಿ ಬಂದದ್ದು ಹೊಲಿಗೆ ಯಂತ್ರಗಳಿಂದ. ಹದಿನಾರನೆಯ ವಯಸ್ಸಿಗೆ ಸಿದ್ಧ ಉಡುಪಿನ ಕಾರ್ಖಾನೆ ಸೇರಿದರು. ಮೊದಲು ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸ. ಮೆಕ್ಯಾನಿಕ್ ರಜೆ ಹಾಕಿದ ದಿನಗಳಲ್ಲಿ ಕದ್ದು ಕಲಿತು, ಕೊನೆಗೆ ಇನ್ನೂರ ಎಂಬತ್ತು ಯಂತ್ರಗಳ ನಾಡಿ ಹಿಡಿಯುವ ಮೆಕ್ಯಾನಿಕ್ ತಾವೇ ಆದರು. "ಹೆಂಗಸಿನ ಕೈಲಿ ಸ್ಪ್ಯಾನರ್ ನೋಡಿ ನಗೋರು. ಯಂತ್ರ ನಿಂತಾಗ ಮಾತ್ರ ಅಕ್ಕಾ ಅಕ್ಕಾ ಅಂತ ಓಡಿ ಬರೋರು." ಇಪ್ಪತ್ತೊಂಬತ್ತು ವರ್ಷದ ನಂತರ ಒಂದು ಬೆಳಿಗ್ಗೆ ಕಾರ್ಖಾನೆಯ ಗೇಟಿಗೆ ಬೀಗ ಬಿದ್ದಿತ್ತು. ಒಂದು ವಾರ ಆ ಬೀಗವನ್ನೇ ನೋಡಿ ಬಂದು, ಎಂಟನೆಯ ದಿನ ಮನೆಯ ಬಾಗಿಲಲ್ಲೇ ರಿಪೇರಿ ಶುರು ಮಾಡಿದರು.

ಅಲ್ಲಿಗೆ ಒಬ್ಬ ಲೆಕ್ಕದ ಮೇಷ್ಟ್ರು ತಮ್ಮ ತಾಯಿಯ ಹೊಲಿಗೆ ಯಂತ್ರ ಹೊತ್ತು ತಂದರು. ಈ ಕೂಟ ನಡೆಸುವವರು ಅವರೇ. ಯಂತ್ರ ಸರಿಯಾದ ಮೇಲೆ ಜೇಬಿನಿಂದ ಒಂದು ಕೆಂಪು ಗುಂಡಿ ತೆಗೆದು, "ಅಕ್ಕಾ, ಇದನ್ನೊಂದು ಸ್ವಲ್ಪ ನೋಡ್ತೀರಾ?" ಎಂದರು. ಅದು ನಾಲ್ಕು ವರ್ಷದ ಹಿಂದಿನ ಮಾತು. ಈಗ ಎರಡು ಕೋಣೆಯ ಆ ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗದ ಮೇಲೆ ತೊಳೆದ ಗುಂಡಿಗಳು ಜೋಲಾಡುತ್ತವೆ. ನಿವೃತ್ತ ಕಂಡಕ್ಟರ್ ಆಗಿರುವ ಯಜಮಾನರು ಗೊಣಗುವುದು ಒಂದೇ ಮಾತು: "ಸಕ್ಕರೆ ಡಬ್ಬಿಗೆ ಕೈ ಹಾಕಿದ್ರೂ ಸ್ಪ್ರಿಂಗೇ ಸಿಗುತ್ತೆ. ಒಂದಿನ ಟೀ ಕುಡಿದು ನಾನೂ ಎಗರಾಡ್ತೀನಿ ನೋಡ್ತಿರಿ."

ಆದರೆ ಇವತ್ತು ಸ್ಪ್ರಿಂಗಕ್ಕನಿಗೆ ನಗು ಬರುತ್ತಿಲ್ಲ. ಹೋದ ವರ್ಷದ ಒಂದು ಗಳಿಗೆ ಅವರನ್ನು ಕೂತಲ್ಲಿ ಕೂರಲು ಬಿಡುತ್ತಿಲ್ಲ.

ಹದಿನೇಳನೆಯ ಪೆಟ್ಟಿಗೆಯ ಆಟ ಕಟ್ಟಿದವಳು ಒಬ್ಬ ನರ್ಸು. ಡ್ಯೂಟಿಯ ಬಿಡುವಿನಲ್ಲಿ ಐದು ವರ್ಷ ಕೂತು ಮಾಡಿದ ಆಟ. ಮಲಗಿದ ಮಗು ಎಚ್ಚರವಾಗದಂತೆ ಅಜ್ಜಿಯೊಬ್ಬಳು ಇಡೀ ಮನೆ ದಾಟಿ ಹೋಗಬೇಕು. ಇರುವುದು ಒಂದೇ ಗುಂಡಿ. ಮೆಲ್ಲಗೆ ಒತ್ತಿದರೆ ಮೆಲ್ಲನೆಯ ಹೆಜ್ಜೆ, ಜೋರಾಗಿ ಒತ್ತಿದರೆ ಮಗು ಎದ್ದು ಅಳುತ್ತದೆ. ಹತ್ತಿಯ ಮೇಲೆ ಬೆರಳಿಟ್ಟ ಹಾಗೆ ಗುಂಡಿ ಮೃದುವಾಗಿರಲಿ ಎಂದು ಅವಳು ಕೇಳಿದ್ದಳು. ಸ್ಪ್ರಿಂಗಕ್ಕ ತಮ್ಮಲ್ಲಿದ್ದ ಅತಿ ಮೃದುವಾದ ಸ್ಪ್ರಿಂಗು ಹಾಕಿಕೊಟ್ಟಿದ್ದರು. ಮನೆಯಲ್ಲಿ ಕೂತು ನೂರು ಸಲ ಪರೀಕ್ಷಿಸಿಯೂ ಇದ್ದರು.

"ಅಲ್ಲೇ ನಾನು ಕೆಟ್ಟದ್ದು. ನಿಶ್ಶಬ್ದದಲ್ಲಿ ಪರೀಕ್ಷೆ ಮಾಡ್ದೆ. ಇಡೋದು ಡ್ರಮ್ಮಿನ ಮುಂದೆ ಅಂತ ಹೊಳೀಲೇ ಇಲ್ಲ."

ಈ ವರ್ಕ್‌ಶಾಪಿನ ನೆಲದ ತುಂಬ, ಹಿಂದೆ ಬಸ್ಸಿನ ಅಡಿಗೆ ಇಳಿದು ಕೆಲಸ ಮಾಡಲು ತೋಡಿದ್ದ ಉದ್ದುದ್ದ ಹೊಂಡಗಳಿವೆ. ಈಗ ಅವುಗಳ ಮೇಲೆ ಹಲಗೆ ಮುಚ್ಚಿದ್ದಾರೆ. ಡ್ರಮ್ಮು ಒಂದು ಬಾರಿಸಿದರೆ ಆ ಹಲಗೆಗಳು ಹತ್ತು ಬಾರಿಸುತ್ತವೆ. ಪೆಟ್ಟಿಗೆ ಎಲ್ಲಿ ಇಟ್ಟರೂ ಕುಣಿತ ತಪ್ಪಿದ್ದಲ್ಲ. ಬೇರೆ ಆಟಗಳ ಬಿಗಿಯಾದ ಗುಂಡಿಗಳಿಗೆ ಏನೂ ಆಗಲಿಲ್ಲ. ಹದಿನೇಳರ ಮೃದು ಗುಂಡಿ ಮಾತ್ರ ತಾನಾಗಿಯೇ ಒತ್ತಿಕೊಂಡಿತು. ಅಜ್ಜಿ ಡ್ರಮ್ಮಿನ ತಾಳಕ್ಕೆ ಮನೆಯ ತುಂಬ ಓಡಾಡಿದಳು, ಮಗು ನಲವತ್ತು ಸಲ ಎದ್ದಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನರ್ಸು ಮಧ್ಯಾಹ್ನಕ್ಕೇ ತಂತಿ ಸುತ್ತಿಕೊಂಡು ಹೊರಟುಹೋದಳು.

ಅವಳನ್ನು ಈ ವರ್ಷ ಒಪ್ಪಿಸಲು ಸ್ಪ್ರಿಂಗಕ್ಕ ಮೂರು ಸಲ ಆಸ್ಪತ್ರೆಗೆ ಹೋದರು. ಮೂರನೆಯ ಸಲ ವಾಚ್‌ಮನ್ನು ಇವರನ್ನು ರೋಗಿ ಎಂದುಕೊಂಡು ಗಾಲಿಕುರ್ಚಿ ತಂದನಂತೆ. ಕೊನೆಗೆ ನರ್ಸು ಹೇಳಿದ್ದು ಇಷ್ಟು: "ಬರ್ತೀನಿ ಅಕ್ಕ. ಈ ಸಲವೂ ಹಂಗೇ ಆದ್ರೆ ಆಟ ಕಟ್ಟೋದನ್ನೇ ಬಿಟ್ಬಿಡ್ತೀನಿ. ನಿಮ್ಮೇಲೆ ಕೋಪ ಇಲ್ಲ. ನನಗೆ ಸಾಕಾಗಿದೆ."

ಏಳು ಗಂಟೆಯೊಳಗೆ ಸ್ಪ್ರಿಂಗಕ್ಕ ಒಂಬತ್ತು ಸ್ಪ್ರಿಂಗು ಬದಲಿಸಿದ್ದಾರೆ. ಬಿಗಿಯಾದದ್ದು ಹಾಕಿದರೆ ಡ್ರಮ್ಮಿಗೆ ಜಗ್ಗುವುದಿಲ್ಲ, ಆದರೆ ಮೆಲ್ಲಗೆ ಒತ್ತಲೂ ಆಗುವುದಿಲ್ಲ. ಮೃದುವಾದದ್ದು ಹಾಕಿದರೆ ಮಗು ಏಳುತ್ತದೆ. ಪೆಟ್ಟಿಗೆಯ ಕಾಲಿಗೆ ರಬ್ಬರು ಕೊಟ್ಟದ್ದಾಯಿತು, ಹಳೆಯ ಕಂಬಳಿ ಮಡಿಸಿ ಇಟ್ಟದ್ದಾಯಿತು. ಎಂಟಾಗುತ್ತದೆ. ಸ್ಪ್ರಿಂಗಕ್ಕ ವೇದಿಕೆಯಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ವೇದಿಕೆಗೆ ನಡೆದ ದೂರವನ್ನು ನೇರ ಮಾಡಿದ್ದರೆ ಇಷ್ಟರಲ್ಲಿ ಸಮುದ್ರ ಸಿಗುತ್ತಿತ್ತು.

"ಅಕ್ಕಾ, ನನ್ನ ಕಾಲು ಬಿದ್ದೋಗುತ್ತೆ," ಎನ್ನುತ್ತಾನೆ ಡ್ರಮ್ಮಿನವನು.

"ಬೀಳ್ಲಿ, ಅದಕ್ಕೂ ಸ್ಪ್ರಿಂಗು ಹಾಕ್ತೀನಿ. ಬಾರಿಸು."

ಎಂಟೂ ಇಪ್ಪತ್ತಕ್ಕೆ ಪಕ್ಕದ ಬಾಗಿಲು ತೆರೆದುಕೊಳ್ಳುತ್ತದೆ. ನರ್ಸು ಒಳಗೆ ಬರುತ್ತಾಳೆ. ಬಂದದ್ದು ಯಾರಿಗೂ ಕೇಳಿಸುವುದಿಲ್ಲ. ವಾರ್ಡಿನಲ್ಲಿ ರೋಗಿಗಳು ಮಲಗಿರುವಾಗ ಬಾಗಿಲು ತಳ್ಳಿ ತಳ್ಳಿ ಆದ ಅಭ್ಯಾಸ. ತಗಡಿನ ಅಷ್ಟು ದೊಡ್ಡ ಬಾಗಿಲನ್ನು ಎರಡೇ ಬೆರಳಲ್ಲಿ, ಒಂದು ಕಿರ್ ಸದ್ದೂ ಇಲ್ಲದೆ ತಳ್ಳಿದ್ದಾಳೆ.

ಸ್ಪ್ರಿಂಗಕ್ಕ ನಿಂತಲ್ಲೇ ನಿಂತುಬಿಡುತ್ತಾರೆ. ಬೆಳಗಿನಿಂದ ಅವರು ನಿಂತದ್ದು ಇದೇ ಮೊದಲು.

"ಇನ್ನೊಂದ್ಸಲ ತಳ್ಳು."

"ಏನನ್ನ?"

"ಬಾಗಿಲನ್ನ ಕಣಮ್ಮ! ಹೊರಗೋಗಿ ತಳ್ಕೊಂಡ್ ಬಾ."

ನರ್ಸು ಡ್ರಮ್ಮಿನವನ ಕಡೆ ನೋಡುತ್ತಾಳೆ. ಅವನು ತಲೆಯ ಹತ್ತಿರ ಬೆರಳು ತಿರುಗಿಸಿ ತೋರಿಸುತ್ತಾನೆ. ಆದರೂ ಅವಳು ಹೊರಗೆ ಹೋಗಿ ಮತ್ತೊಮ್ಮೆ ಬಾಗಿಲು ತಳ್ಳಿಕೊಂಡು ಬರುತ್ತಾಳೆ. ಅಷ್ಟರಲ್ಲಿ ಸ್ಪ್ರಿಂಗಕ್ಕನ ಕೈಯಲ್ಲಿ ಡ್ರಿಲ್ ಯಂತ್ರ ಗುರ್ ಎನ್ನುತ್ತಿದೆ.

"ನೆಲ ಕುಣಿಯೋದು ಮೇಲೆ ಕೆಳಗೆ. ಬಟನ್ನೂ ಒತ್ತಿಕೊಳ್ಳೋದು ಮೇಲಿಂದ ಕೆಳಗೆ. ಇಬ್ಬರಿಗೂ ದೋಸ್ತಿ ಆಗ್ಬಿಟ್ಟಿದೆ. ಬಟನ್ನನ್ನ ಪೆಟ್ಟಿಗೆ ಪಕ್ಕದಲ್ಲಿ ಕೂರಿಸ್ತೀನಿ. ಬಾಗಿಲು ತಳ್ಳಿದ ಹಾಗೆ ಅಡ್ಡಕ್ಕೆ ತಳ್ಳಬೇಕು. ನೆಲ ಎಷ್ಟು ಕುಣಿದ್ರೆ ಅದಕ್ಕೇನು?"

ಮೇಷ್ಟ್ರು ಎಲ್ಲಿದ್ದರೋ, ಓಡಿ ಬರುತ್ತಾರೆ. "ಅಯ್ಯೋ ಅಕ್ಕಾ! ನಿನ್ನೆ ತಾನೆ ಪೇಂಟ್ ಹೊಡಿಸಿದ್ದೀನಿ! ಇನ್ನೂ ಕೈಗೆ ಅಂಟ್ತಾ ಇದೆ!"

"ಅಂಟಿದ್ರೆ ಸೀಮೆಎಣ್ಣೆ ಹಾಕಿ ಒರೆಸ್ಕೊಳಿ ಮೇಷ್ಟ್ರೇ. ದೂರ ನಿಂತ್ಕೊಳಿ, ಮರದ ಪುಡಿ ಕಣ್ಣಿಗೆ ಬೀಳುತ್ತೆ."

ತೂತು ಕೊರೆದು, ತಂತಿ ಎಳೆದು, ಹೋದ ವರ್ಷದ ಅದೇ ಮೃದು ಸ್ಪ್ರಿಂಗು ಕೂರಿಸಿ ಮುಗಿಸಿದಾಗ ಒಂಬತ್ತೂವರೆ. ಹೊರಗೆ ಆಗಲೇ ಜನ ಸೇರಿದ್ದಾರೆ. ಡ್ರಮ್ಮಿನವನಿಗೆ ಈ ಸಲ ಹೇಳಬೇಕಾಗಿಯೇ ಇಲ್ಲ. ಬೇಕರಿಯ ಸಿಟ್ಟನ್ನೆಲ್ಲ ಕಾಲಿಗೆ ಇಳಿಸಿ ಒದೆಯುತ್ತಾನೆ. ಹಲಗೆಗಳು ಎಗರುತ್ತವೆ. ಮೇಷ್ಟ್ರ ಕನ್ನಡಕ ಮೂಗಿನ ತುದಿಗೆ ಬರುತ್ತದೆ. ಪರದೆಯ ಮೇಲಿನ ಅಜ್ಜಿ ಕದಲುವುದಿಲ್ಲ.

ನರ್ಸು ಪೆಟ್ಟಿಗೆಯ ಪಕ್ಕಕ್ಕೆ ಬಂದು ನಿಲ್ಲುತ್ತಾಳೆ. ಹೆಬ್ಬೆರಳಿನಿಂದ ಗುಂಡಿಯನ್ನು ಒಮ್ಮೆ ತಳ್ಳುತ್ತಾಳೆ, ಮತ್ತೊಮ್ಮೆ ತಳ್ಳುತ್ತಾಳೆ. ಅಜ್ಜಿ ಮೆಲ್ಲನೆ ಎರಡು ಹೆಜ್ಜೆ ಇಡುತ್ತಾಳೆ. "ಮೊದಲಿಗಿಂತ ಇದೇ ಚೆನ್ನಾಗಿದೆ," ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳುತ್ತಾಳೆ.

ಸ್ಪ್ರಿಂಗಕ್ಕನಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಖಾಲಿ ವರ್ಕ್‌ಶಾಪು ಬೇರೆ, ಹತ್ತು ಸಾವಿರ ಬೆರಳು ಬೇರೆ. ಬಾಗಿಲು ತೆರೆದ ಮೇಲೆ ಹದಿಮೂರನೆಯ ಪೆಟ್ಟಿಗೆಯ ಗುಂಡಿ ಬದಲಿಸುತ್ತಾರೆ, ಐದರ ಹಿಡಿ ಬಿಗಿ ಮಾಡುತ್ತಾರೆ, ಕಣ್ಣು ಮಾತ್ರ ಹದಿನೇಳರ ಮೇಲೆ. ಮೊದಲನೆಯ ತಂಡ ಹಾಡಿ ಇಳಿಯುತ್ತದೆ. ಎರಡನೆಯದು ತುತ್ತೂರಿ ಊದುತ್ತದೆ. ಮಧ್ಯಾಹ್ನ ಬೇಕರಿಯವನ ತಂಡ ವೇದಿಕೆ ಹತ್ತಿದಾಗ ಸ್ಪ್ರಿಂಗಕ್ಕ ಹದಿನೇಳರ ಹಿಂದೆ ನಿಂತು ಸೆರಗಿನ ತುದಿಯನ್ನು ಹಗ್ಗದ ಹಾಗೆ ಹೊಸೆಯುತ್ತಿದ್ದಾರೆ. ಆಗ ಆಡುತ್ತಿರುವವರು ಒಬ್ಬ ಬಸ್ ಡ್ರೈವರು. ಕೈ ಎಂದರೆ ಮೊರದಗಲ. ಡ್ರಮ್ಮು ಧಡಧಡ ಎನ್ನುತ್ತಿದೆ, ಡ್ರೈವರು ಉಸಿರು ಬಿಗಿಹಿಡಿದು ಹೆಬ್ಬೆರಳಲ್ಲಿ ತಳ್ಳುತ್ತಿದ್ದಾರೆ. ಅಜ್ಜಿ ಹಜಾರ ದಾಟುತ್ತಾಳೆ, ತೊಟ್ಟಿಲು ದಾಟುತ್ತಾಳೆ, ಹಿಂಬಾಗಿಲು ಸೇರುತ್ತಾಳೆ. ಮಗು ಎದ್ದಿಲ್ಲ. ಸುತ್ತ ನಿಂತ ಮೂವತ್ತು ಜನ, ಅಂಥ ಗದ್ದಲದಲ್ಲೂ, ಮಗು ಎದ್ದೀತೆಂಬ ಭಯಕ್ಕೆ ಸದ್ದಿಲ್ಲದೆ ಕೈ ಮೇಲೆತ್ತಿ ಕುಣಿಯುತ್ತಾರೆ.

ನರ್ಸು ಬಂದು ಸ್ಪ್ರಿಂಗಕ್ಕನ ಕೈ ಹಿಡಿಯುತ್ತಾಳೆ. "ಮುಂದಿನ ವರ್ಷದ್ದು ಶುರು ಮಾಡಿದ್ದೀನಿ ಅಕ್ಕ. ಅದಕ್ಕೆ ಎರಡು ಬಟನ್ ಬೇಕು."

"ಎರಡೇನು, ಇಪ್ಪತ್ತು ಕೇಳು." ಅಷ್ಟು ಹೇಳಿ ಸ್ಪ್ರಿಂಗಕ್ಕ ಮುಖ ಅತ್ತ ತಿರುಗಿಸಿಕೊಳ್ಳುತ್ತಾರೆ.

"ನೀವು ಯಾವತ್ತಾದ್ರೂ ಆಡಿದ್ದೀರಾ?"

ಇಲ್ಲ. ನಾಲ್ಕು ವರ್ಷದಲ್ಲಿ ಒಂದು ಆಟವನ್ನೂ ಆಡಿಲ್ಲ. ಗುಂಡಿ ಒತ್ತಿ ನೋಡಿದ್ದು ಲಕ್ಷ ಸಲ, ಆಡಲು ಒತ್ತಿದ್ದು ಒಂದು ಸಲವೂ ಇಲ್ಲ. ಸಾಲಿನಲ್ಲಿ ನಿಂತವರು ತಾವಾಗಿಯೇ ಜಾಗ ಬಿಡುತ್ತಾರೆ. ಸ್ಪ್ರಿಂಗಕ್ಕ ಅಂಗೈಯನ್ನು ಸೀರೆಗೆ ಒರೆಸಿಕೊಂಡು, ಹೆಬ್ಬೆರಳನ್ನು ಗುಂಡಿಯ ಮೇಲಿಡುತ್ತಾರೆ. ಮೊದಲ ಹೆಜ್ಜೆ ಸರಿಯಾಗುತ್ತದೆ, ಎರಡನೆಯದೂ ಸರಿಯಾಗುತ್ತದೆ. ಮೂರನೆಯದಕ್ಕೆ ಮಗು ಕಿಟಾರನೆ ಕಿರುಚುತ್ತದೆ.

ಎಲ್ಲರ ಕಣ್ಣೂ ಗುಂಡಿಯ ಕಡೆ ಹೋಗುತ್ತದೆ. ಮೇಷ್ಟ್ರು ಗಾಬರಿಯಿಂದ ಓಡಿ ಬರುತ್ತಾರೆ. ಸ್ಪ್ರಿಂಗಕ್ಕ ಬೆಳಗಿನಿಂದ ಮೊದಲ ಸಲ ಬಾಯಿ ತುಂಬ ನಗುತ್ತಾರೆ.

"ಯಾಕೆ ಹಂಗೆ ನೋಡ್ತೀರಾ? ಬಟನ್ ಸರಿಯಾಗೇ ಇದೆ. ನನ್ನ ಕೈನೇ ಭಾರ."